ದಿನದ ಚಿಂತನೆ: ಪಂಡಿತಾ ರಮಾಬಾಯಿ ಮತ್ತು ಬಾವಿಯ ನೀರು



ರಮಾಬಾಯಿ ಎಂದೊಡನೆ ನಮಗೆ ನೆನಪಾಗುವವರು ಮಾತೆ ರಮಾಯಿ. ಇಂದು ನಾನು ಹೇಳುತ್ತಿರುವುದು ಅವರಿಗಿಂತ ನಲವತ್ತು ವರ್ಷ ಮೊದಲು ಹುಟ್ಟಿದ ಪಂಡಿತಾ ರಮಾಬಾಯಿಯವರ ಬದುಕನ್ನು. ಅವರು ಬೌದ್ಧರಲ್ಲ, ಕ್ರೈಸ್ತರು. ನಮ್ಮ ಗುಂಪಿನಲ್ಲಿ ಅವರ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ಸಣ್ಣವ್ವ ಗಂಡನನ್ನು ಕಳೆದುಕೊಂಡ ಮೇಲೆ ಚರ್ಚಿಗೆ ಹೋಗತೊಡಗಿದಳು, ದೀಕ್ಷಾಸ್ನಾನವನ್ನೂ ಪಡೆದಳು. ಒಂದು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ನಾನು ಅವಳನ್ನು ಹಂಗಿಸಿದೆ. ಚರ್ಚಿನೊಳಗೂ ಜಾತಿ ಹೊಕ್ಕಿರುವುದನ್ನು ಬಾಬಾಸಾಹೇಬರು ಬರೆದಿದ್ದಾರಲ್ಲ, ಅದನ್ನೇ ಹಿಡಿದು ಕೇಳಿದೆ. ನನ್ನ ಮಾತು ಸುಳ್ಳಾಗಿರಲಿಲ್ಲ. ಆದರೆ ಅಂದಿನಿಂದ ಆರು ವರ್ಷ ಅವಳು ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ಇತ್ತೀಚೆಗೆ ರಮಾಬಾಯಿಯವರ ಬದುಕನ್ನು ಓದುವಾಗ ಮತ್ತೆ ಮತ್ತೆ ಅವಳ ಮುಖವೇ ಕಣ್ಣಮುಂದೆ ಬಂತು.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ ಭದ್ರೆಯರು ಹುಟ್ಟುವ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣ ವಿದ್ವಾಂಸರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಕಟ್ಟಳೆಯನ್ನು ಮೀರಿ ಹೆಂಡತಿಗೆ ಕಲಿಸಿ, ತಮ್ಮವರ ವಿರೋಧ ಕಟ್ಟಿಕೊಂಡವರು. ಮುಂದೆ ಮಗಳಿಗೆ ಪಾಠ ಹೇಳಿದ್ದು ಆ ತಾಯಿ ಲಕ್ಷ್ಮೀಬಾಯಿ.

ಕುಟುಂಬ ಊರೂರು ತಿರುಗಿ, ಪುರಾಣ ಹೇಳಿ ಹೊಟ್ಟೆ ಹೊರೆಯುತ್ತಿತ್ತು. ಬರಗಾಲ ಬಂದಾಗ ಆ ವಿದ್ಯೆ ಅನ್ನ ಕೊಡಲಿಲ್ಲ. ಕೂಲಿ ಮಾಡಲು ಜಾತಿಯ ಅಭಿಮಾನ ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು.

ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಆ ಹುಡುಗಿಯ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ ಧರ್ಮಶಾಸ್ತ್ರಗಳನ್ನು ಓದುತ್ತ ಹೋದಂತೆ ಅವರಿಗೊಂದು ವಿಷಯ ಸ್ಪಷ್ಟವಾಯಿತು. ಆ ಗ್ರಂಥಗಳು ಬೇರೆಲ್ಲ ವಿಷಯದಲ್ಲಿ ಒಂದಕ್ಕೊಂದು ಜಗಳವಾಡಿದರೂ ಹೆಣ್ಣನ್ನೂ ಶೂದ್ರರನ್ನೂ ಕೀಳೆನ್ನುವುದರಲ್ಲಿ ಒಂದಾಗಿದ್ದವು. ಮೇಲ್ಜಾತಿಯ ಹೆಣ್ಣಿಗೂ ಗಂಡನ ಸೇವೆ ಬಿಟ್ಟರೆ ಬೇರೆ ಮುಕ್ತಿಯ ದಾರಿ ಇರಲಿಲ್ಲ. ಸಭೆಯಲ್ಲಿ ಸರಸ್ವತಿ, ಶಾಸ್ತ್ರದಲ್ಲಿ ಅನರ್ಹಳು. ಇದೇ ಅವರನ್ನು ಒಳಗಿನಿಂದ ಸುಡತೊಡಗಿತು.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಶೂದ್ರರೆಂದು ಎಣಿಸಲ್ಪಟ್ಟಿದ್ದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾದಿಂದ ಸತ್ತರು. ಕೈಯಲ್ಲಿ ಹಸುಗೂಸು ಮನೋರಮಾ. ವಿಧವೆ, ಅದೂ ಜಾತಿ ಬಿಟ್ಟು ಮದುವೆಯಾದವಳು. ಬಿರುದು ಕೊಟ್ಟ ಸಮಾಜದಲ್ಲಿ ಅವರಿಗೆ ನಿಲ್ಲಲು ಜಾಗ ಉಳಿಯಲಿಲ್ಲ.

1883ರಲ್ಲಿ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳದ ಕಾರಣ ಆ ಆಸೆ ಕೈಗೂಡಲಿಲ್ಲ. ಆದರೆ ಲಂಡನ್ನಿನ ಫುಲ್ಹಮ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಮನೆಯನ್ನು ನೋಡಿದರು. ಸಮಾಜ ಕೆಟ್ಟವರೆಂದು ಬೀದಿಗೆ ತಳ್ಳಿದ ಹೆಣ್ಣುಮಕ್ಕಳು ಅಲ್ಲಿ ಗೌರವದಿಂದ ಬದುಕುತ್ತಿದ್ದರು, ಇತರರ ಸೇವೆಯನ್ನೂ ಮಾಡುತ್ತಿದ್ದರು. ಇಂಥವರ ಮೇಲೆ ಇಷ್ಟು ಅಕ್ಕರೆ ಏಕೆಂದು ರಮಾಬಾಯಿ ಕೇಳಿದಾಗ, ಒಬ್ಬ ಸನ್ಯಾಸಿನಿ ಯೇಸು ಸಮಾರ್ಯದ ಹೆಂಗಸನ್ನು ಭೇಟಿಯಾದ ಕಥೆಯನ್ನು ಓದಿ ತಿಳಿಸಿದರು.

ಆ ಕಥೆ ನಮ್ಮದೇ ಅನ್ನಿಸುತ್ತದೆ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುತ್ತಿರಲಿಲ್ಲ. ನಡು ಮಧ್ಯಾಹ್ನ ಬಾವಿಗೆ ಬಂದ ಆ ಕುಲದ ಹೆಂಗಸಿನ ಹತ್ತಿರ ಯೇಸು ಕುಡಿಯಲು ನೀರು ಕೇಳಿದ. ಅವಳಿಗೆ ಐದು ಮದುವೆಯಾಗಿತ್ತೆಂದು ತಿಳಿದೂ ಹೀಗಳೆಯಲಿಲ್ಲ. ಬಾಬಾಸಾಹೇಬರ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಭಿಕ್ಖು ಆನಂದ ಚಾಂಡಾಲ ಕನ್ಯೆ ಪ್ರಕೃತಿಯ ಹತ್ತಿರ ನೀರು ಕೇಳಿದ್ದು ನಿಮಗೆ ನೆನಪಿದೆಯಲ್ಲ? ಅವಳು ಕುಲ ಹೇಳಿ ಹಿಂಜರಿದಾಗ, ಆನಂದನಿಗೆ ಬೇಕಿದ್ದದ್ದು ನೀರು ಮಾತ್ರ. 1927ರಲ್ಲಿ ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆಯಲ್ಲೆತ್ತಿದ್ದೂ ನೀರನ್ನೇ.

1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಆಗ ಅವರ ಪರವಾಗಿ ನಿಂತು ಬರೆದವರು ನಮ್ಮ ಮಹಾತ್ಮ ಜೋತಿಬಾ ಫುಲೆ. 1885ರ ಸತ್ಸಾರ ಎಂಬ ಪತ್ರಿಕೆ ಇದಕ್ಕೆ ಸಾಕ್ಷಿ. ಮತಾಂತರವಾದ ಹೆಣ್ಣನ್ನು ಬೈಯುವ ಬದಲು, ಅವಳು ಯಾಕೆ ಹೊರಟಳೆಂದು ಕೇಳಬೇಕು ಎಂಬ ಬುದ್ಧಿ ನಮಗೆ ಫುಲೆಯವರಿಂದಲೇ ಬಂದಿದೆ.

ರಮಾಬಾಯಿ ಚರ್ಚಿನ ಅಧಿಕಾರಕ್ಕೂ ಕಣ್ಣುಮುಚ್ಚಿ ತಲೆಬಾಗಲಿಲ್ಲ. ಬ್ರಾಹ್ಮಣ ಪುರೋಹಿತರ ನೊಗ ಇಳಿಸಿದ್ದು ಇನ್ನೊಬ್ಬ ಪುರೋಹಿತರ ನೊಗಕ್ಕೆ ಕುತ್ತಿಗೆ ಕೊಡಲಲ್ಲ ಎಂಬುದು ಅವರ ನಿಲುವು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಅವರ ಮನಸ್ಸಿಗೆ ಶಾಂತಿ ಸಿಕ್ಕಿರಲಿಲ್ಲ. ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಮುಂದೆ ಅವರೇ ನೆನೆದುಕೊಂಡರು. ಪಾಂಡಿತ್ಯದಿಂದಾಗಲಿ ಪುಣ್ಯದಿಂದಾಗಲಿ ಗಳಿಸಬೇಕಾಗಿಲ್ಲದೆ, ತಾನು ಇದ್ದ ಹಾಗೆಯೇ ಒಪ್ಪಿತಳು ಎಂಬ ಅರಿವು ಅವರಿಗೆ ಆಮೇಲೆ ಮೂಡಿತು. ಅದನ್ನೇ ಅವರು ಕೃಪೆ ಎಂದು ಕರೆದರು.

1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮೊದಲು ಮೇಲ್ಜಾತಿಯ ವಿಧವೆಯರಿಗಾಗಿ ಇತ್ತು, ಅಲ್ಲಿ ಜಾತಿಯ ಕಟ್ಟುಪಾಡೂ ನಡೆಯುತ್ತಿತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. 1896ರ ನಂತರದ ಬರಗಾಲದಲ್ಲಿ ರಮಾಬಾಯಿ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದಾಗ ಆ ಗೋಡೆ ಉಳಿಯಲಿಲ್ಲ. ಪುಣೆ ಸಮೀಪದ ಕೇಡಗಾಂವ್‌ನ ಮುಕ್ತಿಯಲ್ಲಿ ಎಲ್ಲ ಜಾತಿಯವರೂ ಸೇರಿದರು. ಸಮಾಜ ಕೆಟ್ಟವರೆಂದ ಹೆಂಗಸರಿಗೆಂದು ಅಲ್ಲಿ ಕಟ್ಟಿದ ಮನೆಗೆ ಕೃಪಾ ಸದನ ಎಂದೇ ಹೆಸರು. ಅಂಧರು ಓದು ಕಲಿತರು, ಹೆಂಗಸರೇ ಮುದ್ರಣಾಲಯ ನಡೆಸಿದರು. ನಮ್ಮ ಕಲಬುರಗಿಯಲ್ಲೂ ಅವರು ಶಾಲೆ ತೆರೆದರು, ಅದನ್ನು ನೋಡಿಕೊಂಡವರು ಮಗಳು ಮನೋರಮಾ. ಆ ಮಗಳೂ 1921ರಲ್ಲಿ ತೀರಿಕೊಂಡರು. ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತರುವ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು.

ಬಂಧುಗಳೇ, ಅವರ ದಾರಿ ನಮ್ಮ ದಾರಿಯಲ್ಲ. ಬುದ್ಧ ದಾರಿ ತೋರುವವನು, ಮೋಕ್ಷ ಕೊಡುವವನಲ್ಲ. ನಡೆಯಬೇಕಾದವರು ನಾವೇ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವಮಾನದಿಂದ ಬೆಂದು ಬಂದವರಿಗೆ ನಡೆಯಲು ಕಾಲು ಬರುವುದೇ ಯಾರೋ ಒಬ್ಬರು ಮೊದಲು ಹತ್ತಿರ ಕೂರಿಸಿಕೊಂಡಾಗ. ಅದನ್ನು ಅವರು ಕೃಪೆ ಎಂದರು, ನಾವು ಕರುಣೆ, ಮೈತ್ರಿ ಎನ್ನುತ್ತೇವೆ. ಸಣ್ಣವ್ವ ವಿಧವೆಯಾಗಿ ಒಂಟಿಯಾದಾಗ ನಮ್ಮಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ಚರ್ಚಿನ ಹೆಂಗಸರು ಕೂತರು. ನಾನು ತಪ್ಪಿದ್ದು ಅಲ್ಲಿ. ಇಂದಿಗೂ ನಮ್ಮ ವಿಹಾರಕ್ಕೆ ಹೊಸಬರು ಬಂದರೆ ಯಾವ ಊರು, ಯಾವ ಓಣಿ ಎಂದು ಕೇಳಿ ಒಳಜಾತಿ ತಿಳಿದುಕೊಳ್ಳುವವರು ಇದ್ದಾರೆ. ಪಂಚಶೀಲ ಹೇಳುವ ಬಾಯಿಂದಲೇ ಆ ಪ್ರಶ್ನೆ ಬರುತ್ತದೆ.

ಹೋದ ಭಾನುವಾರ ಸಣ್ಣವ್ವನ ಮನೆಗೆ ಹೋಗಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದುಕೊಟ್ಟಳು. ಕುಡಿದ ಮೇಲೆ ಕ್ಷಮೆ ಕೇಳಿದೆ.

ಇಂದಿನ ಸಂಕಲ್ಪ: ನಮ್ಮ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡೋಣ. ಕುಲದ ಪ್ರಶ್ನೆಯನ್ನು ಆಮೇಲೂ ಕೇಳದಿರೋಣ.

ನಮೋ ಬುದ್ಧಾಯ. ಜೈ ಭೀಮ್.