ಬ್ರಹ್ಮ ಪ್ರಕಾಶ್

ಬ್ರಹ್ಮ ಪ್ರಕಾಶ್ (ಆಗಸ್ಟ್ 21, 1912 – ಜನವರಿ 3, 1984) ಭಾರತದ ಪ್ರಮುಖ ಲೋಹವಿಜ್ಞಾನಿಗಳಲ್ಲಿ ಒಬ್ಬರು. ಅತಿಯಾದ ಉಷ್ಣ, ಒತ್ತಡ ಮತ್ತು ವಿಕಿರಣಗಳ ನಡುವೆಯೂ ನಶಿಸದೆ ಉಳಿಯಬಲ್ಲ ಲೋಹಗಳನ್ನು ದೇಶದೊಳಗೇ ತಯಾರಿಸುವ ಕಾರ್ಯಕ್ಕೆ ಇವರು ಅಡಿಪಾಯ ಹಾಕಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಮೊದಲ ಭಾರತೀಯರು ಇವರು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪ್ರಥಮ ನಿರ್ದೇಶಕರೂ ಇವರೇ.

ಆರಂಭಿಕ ಜೀವನ ಮತ್ತು ಶಿಕ್ಷಣ

ಬ್ರಹ್ಮ ಪ್ರಕಾಶ್ ಅವಿಭಜಿತ ಭಾರತದ ಲಾಹೋರಿನಲ್ಲಿ ಜನಿಸಿದರು. ರಸಾಯನಶಾಸ್ತ್ರವನ್ನು ಅಭ್ಯಸಿಸಿ, ಅದೇ ನಗರದಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಬಳಿಕ ಅಮೆರಿಕಕ್ಕೆ ತೆರಳಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಖನಿಜ ಸಂಸ್ಕರಣೆ ಮತ್ತು ಲೋಹಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದರು. ರಸಾಯನಶಾಸ್ತ್ರದಿಂದ ಲೋಹಶಾಸ್ತ್ರಕ್ಕೆ ಬಂದ ಈ ಹಿನ್ನೆಲೆ ಅವರ ಮುಂದಿನ ಕಾರ್ಯಕ್ಕೆ ನೆರವಾಯಿತು. ಅದಿರನ್ನು ಶುದ್ಧೀಕರಿಸುವುದು ಮತ್ತು ಶುದ್ಧ ಲೋಹಕ್ಕೆ ಆಕಾರ ನೀಡುವುದು ಅವರಿಗೆ ಒಂದೇ ಸರಣಿಯ ಎರಡು ಹಂತಗಳಾಗಿದ್ದವು.

ಬೆಂಗಳೂರಿನಲ್ಲಿ

ಭಾರತಕ್ಕೆ ಮರಳಿದ ಬ್ರಹ್ಮ ಪ್ರಕಾಶ್ ಹೋಮಿ ಭಾಭಾ ಅವರ ನೇತೃತ್ವದ ಪರಮಾಣು ಶಕ್ತಿ ಕಾರ್ಯಕ್ರಮವನ್ನು ಸೇರಿದರು. ಆದರೆ ಆ ಹೊತ್ತಿಗೆ ದೇಶದಲ್ಲಿ ತರಬೇತಿ ಪಡೆದ ಲೋಹಶಾಸ್ತ್ರಜ್ಞರ ಸಂಖ್ಯೆ ತೀರ ಕಡಿಮೆಯಿತ್ತು. 1951ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಹೊಣೆ ವಹಿಸಿಕೊಂಡು 1957ರವರೆಗೆ ಅಲ್ಲಿದ್ದರು. ಆಗ ಮೈಸೂರು ರಾಜ್ಯದಲ್ಲಿ ಕೋಲಾರದ ಚಿನ್ನದ ಗಣಿಗಳು, ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಹಾಗೂ ಬೆಂಗಳೂರಿನ ವಿಮಾನ ಕಾರ್ಖಾನೆ ನಡೆಯುತ್ತಿದ್ದವು. ಗಣಿಯ ಅದಿರಿನಿಂದ ವಿಮಾನದ ಮಿಶ್ರಲೋಹದವರೆಗೆ ಲೋಹಶಾಸ್ತ್ರದ ಎಲ್ಲ ಹಂತಗಳಿಗೂ ರಾಜ್ಯದೊಳಗೇ ಉದಾಹರಣೆಗಳಿದ್ದವು. ಅವರ ಅವಧಿಯಲ್ಲಿ ವಿಭಾಗದ ಬೋಧನೆ ಮತ್ತು ಸಂಶೋಧನೆಗಳು ವಿಸ್ತರಿಸಿದವು.

ಪರಮಾಣು ಲೋಹಗಳು

1957ರ ನಂತರ ಬ್ರಹ್ಮ ಪ್ರಕಾಶ್ ಮುಂಬಯಿಯ ಟ್ರಾಂಬೆಯಲ್ಲಿ ಲೋಹಶಾಸ್ತ್ರದ ಕಾರ್ಯವನ್ನು ಮುನ್ನಡೆಸಿದರು. 1959ರಲ್ಲಿ ಅಲ್ಲಿ ಪರಮಾಣು ದರ್ಜೆಯ ಯುರೇನಿಯಂ ಲೋಹ ಸಿದ್ಧವಾಯಿತು. ಅದೇ ವರ್ಷ ಸೈರಸ್ ಸಂಶೋಧನಾ ರಿಯಾಕ್ಟರಿಗೆ ಬೇಕಾದ ಇಂಧನ ಸರಳುಗಳ ತಯಾರಿಕೆಯೂ ಆರಂಭವಾಯಿತು. ಸೈರಸ್‌ನಲ್ಲಿ ಯುರೇನಿಯಂ ಸರಳಿಗೆ ಅಲ್ಯೂಮಿನಿಯಂ ಕವಚ ಸಾಕಾಗುತ್ತಿತ್ತು. ವಿದ್ಯುತ್ ಉತ್ಪಾದಿಸುವ ರಿಯಾಕ್ಟರಿನಲ್ಲಿ ಮಾತ್ರ ಅದು ನಿಲ್ಲುವುದಿಲ್ಲ. ಅಲ್ಲಿ ಇಂಧನದ ಕವಚವು ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಅಧಿಕ ಒತ್ತಡದ ನೀರಿನಲ್ಲಿ ಬಹುಕಾಲ ಮುಳುಗಿರಬೇಕು. ಕವಚ ತೂತಾದರೆ ವಿಕಿರಣಶೀಲ ವಸ್ತುಗಳು ನೀರಿಗೆ ಸೇರುತ್ತವೆ. ಮೇಲಾಗಿ, ಕವಚವು ನ್ಯೂಟ್ರಾನುಗಳನ್ನು ಹೀರಿಕೊಳ್ಳಲೂ ಬಾರದು. ಹೀರಿಕೊಂಡರೆ ವಿದಳನ ಸರಣಿ ಕ್ಷೀಣಿಸುತ್ತದೆ.

ಈ ಎರಡು ಬೇಡಿಕೆಗಳನ್ನೂ ಪೂರೈಸುವ ಲೋಹ ಜಿರ್ಕೋನಿಯಂ. ಬಿಸಿ ನೀರಿನೊಡನೆ ವರ್ತಿಸಿದಾಗ ಅದರ ಮೇಲ್ಮೈಯಲ್ಲಿ ತೆಳುವಾದ, ಗಟ್ಟಿಯಾಗಿ ಅಂಟಿಕೊಳ್ಳುವ ಆಕ್ಸೈಡ್ ಪದರ ಉಂಟಾಗುತ್ತದೆ. ಆ ಪದರವೇ ಒಳಗಿನ ಲೋಹವನ್ನು ಮುಂದಿನ ನಶಿಸುವಿಕೆಯಿಂದ ಕಾಪಾಡುತ್ತದೆ. ಲೋಹದಲ್ಲಿ ನೈಟ್ರೋಜನ್‌ನ ಅಲ್ಪ ಕಲ್ಮಶವಿದ್ದರೂ ಈ ರಕ್ಷಣೆ ದುರ್ಬಲವಾಗುತ್ತದೆ. ಆದ್ದರಿಂದ ಸುಮಾರು ಶೇ. 1.5ರಷ್ಟು ತವರವನ್ನೂ, ಅಲ್ಪ ಪ್ರಮಾಣದಲ್ಲಿ ಕಬ್ಬಿಣ ಮತ್ತು ಕ್ರೋಮಿಯಂಗಳನ್ನೂ ಸೇರಿಸಿ ಜಿರ್ಕಲಾಯ್ ಎಂಬ ಮಿಶ್ರಲೋಹವನ್ನು ತಯಾರಿಸಲಾಗುತ್ತದೆ. ಈ ರಕ್ಷಣೆಗೂ ಮಿತಿಯಿದೆ. ನೀರಿನಿಂದ ಬಿಡುಗಡೆಯಾಗುವ ಹೈಡ್ರೋಜನ್ ಲೋಹದೊಳಗೆ ಸೇರಿ ಅದನ್ನು ಪೆಡಸಾಗಿಸಬಲ್ಲದು. ಅಪಘಾತದಲ್ಲಿ ಉಷ್ಣತೆ 1200 ಡಿಗ್ರಿ ದಾಟಿದರೆ ಅದೇ ಲೋಹ ಉಗಿಯೊಡನೆ ತೀವ್ರವಾಗಿ ವರ್ತಿಸುತ್ತದೆ.

ಜಿರ್ಕೋನಿಯಂ ತಯಾರಿಕೆ ಅತ್ಯಂತ ಕಠಿಣ. ಕೇರಳದ ಕಡಲತೀರದ ಮರಳಿನಲ್ಲಿ ದೊರೆಯುವ ಜಿರ್ಕಾನ್ ಖನಿಜದಲ್ಲಿ ಜಿರ್ಕೋನಿಯಂ ಜೊತೆಗೆ ಸುಮಾರು ಶೇ. 2ರಷ್ಟು ಹಾಫ್ನಿಯಂ ಇರುತ್ತದೆ. ರಾಸಾಯನಿಕವಾಗಿ ಇವೆರಡೂ ಅವಳಿಗಳಂತಿದ್ದರೂ, ಹಾಫ್ನಿಯಂ ಜಿರ್ಕೋನಿಯಂಗಿಂತ ನೂರಾರು ಪಟ್ಟು ಹೆಚ್ಚು ನ್ಯೂಟ್ರಾನುಗಳನ್ನು ಹೀರುತ್ತದೆ. ದ್ರಾವಕಗಳ ನೆರವಿನಿಂದ ಇವುಗಳನ್ನು ಬೇರ್ಪಡಿಸಿ, ಕ್ಲೋರೈಡನ್ನು ಮೆಗ್ನೀಸಿಯಂನಿಂದ ಅಪಕರ್ಷಿಸಿ ಸ್ಪಂಜಿನಂತಹ ಲೋಹವನ್ನು ಪಡೆಯಬೇಕು. ಅದನ್ನು ನಿರ್ವಾತದಲ್ಲಿ ಕರಗಿಸಿ ಕೊಳವೆಗಳನ್ನಾಗಿ ಮಾಡಬೇಕು. ಬ್ರಹ್ಮ ಪ್ರಕಾಶ್ ಅವರ ನೇತೃತ್ವದಲ್ಲಿ ಟ್ರಾಂಬೆಯ ತಂಡಗಳು ಈ ಹಂತಗಳನ್ನು ಪ್ರಯೋಗಾಲಯದಲ್ಲಿ ಸಾಧಿಸಿದವು. ಅದೇ ಅನುಭವ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದ ಸ್ಥಾಪನೆಗೆ ಆಧಾರವಾಯಿತು.

ಇದರ ಮಹತ್ವ 1974ರಲ್ಲಿ ಸ್ಪಷ್ಟವಾಯಿತು. ಪೋಖ್ರಾನ್ ಪರೀಕ್ಷೆಯ ನಂತರ ಕೆನಡಾ ಪರಮಾಣು ಸಹಕಾರವನ್ನು ನಿಲ್ಲಿಸಿತು. ಇಂಧನ ಮತ್ತು ಕವಚಗಳ ತಯಾರಿಕೆ ದೇಶದೊಳಗೇ ಇದ್ದುದರಿಂದ ಭಾರಜಲ ರಿಯಾಕ್ಟರುಗಳ ಕಾರ್ಯಕ್ರಮ ಮುಂದುವರಿಯಿತು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಇಂಧನ ಕಂತೆಗಳೂ ಹೈದರಾಬಾದಿನಿಂದಲೇ ಬರುತ್ತವೆ. ಅಲ್ಲಿನ ಒತ್ತಡ ಕೊಳವೆಗಳೂ ಜಿರ್ಕೋನಿಯಂ ಮಿಶ್ರಲೋಹದವೇ. ಕೈಗಾದ 1ನೇ ಘಟಕವು 2018ರ ಡಿಸೆಂಬರ್ ಅಂತ್ಯದವರೆಗೆ 962 ದಿನ ನಿರಂತರವಾಗಿ ನಡೆದು ಆಗಿನ ವಿಶ್ವದಾಖಲೆ ಸ್ಥಾಪಿಸಿತು.

ಬಾಹ್ಯಾಕಾಶ ಕಾರ್ಯಕ್ರಮ

ವಿಕ್ರಮ್ ಸಾರಾಭಾಯಿ ಅವರ ನಿಧನದ ನಂತರ, 1972ರಲ್ಲಿ ತುಂಬಾದ ವಿವಿಧ ಘಟಕಗಳನ್ನು ಒಗ್ಗೂಡಿಸಿ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವನ್ನು ರೂಪಿಸಲಾಯಿತು. ಅದರ ನೇತೃತ್ವವನ್ನು ರಾಕೆಟ್ ತಜ್ಞರಲ್ಲದ ಬ್ರಹ್ಮ ಪ್ರಕಾಶ್ ಅವರಿಗೆ ವಹಿಸಲಾಯಿತು. ಅಲ್ಲಿಯೂ ಸಾಮಗ್ರಿಗಳ ಸಮಸ್ಯೆ ಬೇರೆ ರೂಪದಲ್ಲಿ ಎದುರಾಯಿತು: ರಾಕೆಟ್ಟಿನ ಮೂತಿ ಸಾವಿರಾರು ಡಿಗ್ರಿ ಉಷ್ಣದ ಅನಿಲವನ್ನು ಸಹಿಸಬೇಕಾದದ್ದು ಕೆಲವೇ ಕ್ಷಣಗಳ ಕಾಲ. ವಿಭಿನ್ನ ತಂಡಗಳನ್ನು ಒಂದೇ ಗುರಿಯತ್ತ ತಂದ ಆಡಳಿತಗಾರರೆಂದು ಅವರು ಹೆಸರಾದರು. ಎಸ್‌ಎಲ್‌ವಿ-3 ಯೋಜನೆಯ ನಿರ್ದೇಶಕರಾಗಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ, 1979ರ ಆಗಸ್ಟ್ 10ರ ಮೊದಲ ಉಡಾವಣೆ ವಿಫಲವಾದಾಗ ಬ್ರಹ್ಮ ಪ್ರಕಾಶ್ ತಮ್ಮ ಬೆಂಬಲಕ್ಕೆ ನಿಂತುದನ್ನು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಆ ವರ್ಷ ಅವರು ನಿರ್ದೇಶಕ ಹುದ್ದೆಯಿಂದ ನಿವೃತ್ತರಾದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಪ್ರಶಸ್ತಿ ಮತ್ತು ಗೌರವಗಳು

ಬ್ರಹ್ಮ ಪ್ರಕಾಶ್ ಅವರಿಗೆ 1961ರಲ್ಲಿ ಪದ್ಮಶ್ರೀ, 1963ರಲ್ಲಿ ಎಂಜಿನಿಯರಿಂಗ್ ವಿಜ್ಞಾನಕ್ಕಾಗಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಮತ್ತು 1968ರಲ್ಲಿ ಪದ್ಮಭೂಷಣ ಸಂದವು. ಭಟ್ನಾಗರ್ ಪ್ರಶಸ್ತಿಯು ಅವರ ಗುರುವಿನ ಹೆಸರಿನದೇ ಆಗಿತ್ತು.

ನಿಧನ

1984ರ ಜನವರಿ 3ರಂದು ಬ್ರಹ್ಮ ಪ್ರಕಾಶ್ ನಿಧನರಾದರು. ಅವರ ನೆನಪಿಗಾಗಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪದಕವೊಂದನ್ನು ಸ್ಥಾಪಿಸಿದೆ.