ಸಾಲಿಗ್ರಾಮಕ್ಕೆ ಬಂದು ನೆಲೆಸಿದ ಕಾರಂತರು ನಮ್ಮಲ್ಲಿ ಮತ ಕೇಳಿದ್ದು ಯಾಕೆ?

ಮುರ್ಡೇಶ್ವರ: ಮುಂಬೈಯಲ್ಲಿ ಮೂವತ್ತು ವರ್ಷ ದುಡಿದವರು, ಗಲ್ಫಿಗೆ ಹೋದವರು, ಬ್ಯಾಂಕಿನಲ್ಲಿ ರಿಟೈರ್ ಆದವರು ಕೊನೆಗೆ ಊರಿಗೆ ಬಂದು ಹೊಳೆ ಬದಿಗೋ ಕಡಲ ಬದಿಗೋ ಮನೆ ಕಟ್ಟಿಸಿಕೊಳ್ಳುವುದು ನಮ್ಮ ಕರಾವಳಿಯಲ್ಲಿ ಹೊಸದಲ್ಲ. ಸೆಕೆ ಇದ್ದರೂ ನಮ್ಮೂರ ಸೆಕೆಯೇ ಸೈ ಅನ್ನುವವರು ಎಲ್ಲ ಕೇರಿಯಲ್ಲೂ ಸಿಗ್ತಾರೆ. ಹೀಗೆ ಇಳಿವಯಸ್ಸಿನಲ್ಲಿ ಹುಟ್ಟೂರಿನ ಬಳಿಗೆ ಮರಳಿದವರಲ್ಲಿ ದೊಡ್ಡ ಹೆಸರು ಕೋಟ ಶಿವರಾಮ ಕಾರಂತರದ್ದು. ಅವರ ಆ ಕಾಲದ ಬದುಕಿನ ಒಂದು ತುಂಡು ನಮ್ಮ ಜಿಲ್ಲೆಗೇ ಸೇರಿದ್ದು. ಈಗಿನ ಹುಡುಗರಿಗೆ ಅದು ಗೊತ್ತಿರೋದು ಕಡಿಮೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಗಾಂಧೀಜಿಯ ಅಸಹಕಾರ ಚಳವಳಿ ಶುರುವಾದಾಗ ಕಾಲೇಜು ಬಿಟ್ಟರು. ಆಮೇಲೆ ಪತ್ರಿಕೆ, ನಾಟಕ, ಊರೂರು ತಿರುಗಾಟ. ಬಹುಕಾಲ ನೆಲೆ ನಿಂತದ್ದು ಪುತ್ತೂರಿನಲ್ಲಿ. ಅಲ್ಲಿನ ಬಾಲವನದಲ್ಲಿ ಮಕ್ಕಳಿಗೆ ಪಾಠ, ಆಟ, ನಾಟಕ ಎಲ್ಲ ಒಟ್ಟಿಗೇ ನಡೀತಿತ್ತು. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಅವರದ್ದು ಅಂತರ್ಜಾತಿ ವಿವಾಹ; ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಕಾದಂಬರಿ, ಮಕ್ಕಳ ವಿಶ್ವಕೋಶ, ಯಕ್ಷಗಾನದ ಸಂಶೋಧನೆ ಅಂತ ಬರೆದದ್ದನ್ನೆಲ್ಲ ಇಲ್ಲಿ ಪಟ್ಟಿ ಮಾಡಲು ಹೋದರೆ ಜಾಗ ಸಾಲದು, ಬಿಡಿ.

ಒಂದನ್ನು ಮಾತ್ರ ಹೇಳಲೇಬೇಕು. ‘ಮರಳಿ ಮಣ್ಣಿಗೆ’ ಕಾದಂಬರಿ ಕೋಟದ ಹತ್ತಿರದ ಕಡಲತೀರದ ಮೂರು ತಲೆಮಾರಿನ ಕಥೆ. ಅದರ ಕೊನೆಯ ತಲೆಮಾರಿನ ರಾಮ ಮದ್ರಾಸು, ಮುಂಬೈ ಸುತ್ತಿ ಮತ್ತೆ ತನ್ನ ಮಣ್ಣಿಗೇ ಬರ್ತಾನೆ. ಅದನ್ನು ಬರೆದಾಗ ಕಾರಂತರಿಗೆ ನಲವತ್ತರ ಆಸುಪಾಸು. ಅವರೇ ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಬಂದು ನೆಲೆಸಿದ್ದು ಎಪ್ಪತ್ತು ದಾಟಿದ ಮೇಲೆ.

ಸಾಲಿಗ್ರಾಮ ನಮಗೆ ದೂರವಲ್ಲ. ಭಟ್ಕಳ, ಬೈಂದೂರು, ಕುಂದಾಪುರ ದಾಟಿದರೆ ಹೆದ್ದಾರಿ ಬದಿಯಲ್ಲೇ ಗುರು ನರಸಿಂಹನ ದೇವಸ್ಥಾನ ಕಾಣುತ್ತೆ. ಪಡುವಣಕ್ಕೆ ಪಾರಂಪಳ್ಳಿ ಕಡೆ ಇಳಿದರೆ ಹಿನ್ನೀರು, ತೆಂಗಿನ ತೋಟ, ಆಚೆಗೆ ಕಡಲು. ಕೈಕಾಲು ಚಾಚಿ ಕೂರಲು ಹೇಳಿ ಮಾಡಿಸಿದ ಜಾಗ. ಕಾರಂತರು ಅಲ್ಲಿಯೂ ಬರೆಯುತ್ತಲೇ ಇದ್ದರು. ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸವನ್ನು ಮಾಲಿನಿ ಮಲ್ಯರು ಕೊನೆತನಕ ಮಾಡಿದರು. ತುರ್ತು ಪರಿಸ್ಥಿತಿ ಬಂದಾಗ ಕಾರಂತರು ಪದ್ಮಭೂಷಣವನ್ನೇ ಸರ್ಕಾರಕ್ಕೆ ವಾಪಸ್ ಕೊಟ್ಟರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂದದ್ದೂ ಇದೇ ದಶಕದಲ್ಲಿ. 1986ರಲ್ಲಿ ಲೀಲಾ ತೀರಿಕೊಂಡರು. ಆಗ ಕಾರಂತರಿಗೆ 84ರ ಹತ್ತಿರ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಜಿಲ್ಲೆಯಲ್ಲಿ ಕಾಳಿ ಹೊಳೆಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರದ ಮಾತು ಜೋರಾಗಿತ್ತು. ಸುತ್ತ ಘಟ್ಟದ ದಟ್ಟ ಕಾಡು, ಕೆಳಗೆ ಕಾರವಾರದವರೆಗೂ ಅದೇ ಹೊಳೆಯ ನೀರು. ಇಂಥ ಕಡೆ ಅಣುಸ್ಥಾವರ ಬೇಡ ಅಂತ ಕಾರಂತರು ಪಟ್ಟು ಹಿಡಿದರು. ಬರಹ, ಭಾಷಣ ಸಾಲದು ಅನ್ನಿಸಿರಬೇಕು. 1989ರ ಲೋಕಸಭಾ ಚುನಾವಣೆಯಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತೇಬಿಟ್ಟರು. ವಯಸ್ಸು 87! ಸ್ಥಾವರದ ಕಾಮಗಾರಿ ಶುರುವಾದದ್ದೂ ಅದೇ ವರ್ಷ. ಭಟ್ಕಳ, ಹೊನ್ನಾವರ, ಕುಮಟಾದ ಮತದಾರರ ಮುಂದೆ ಜ್ಞಾನಪೀಠದ ಅಜ್ಜನ ಹೆಸರೂ ಇತ್ತು.

ಗೆದ್ದದ್ದು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ. ಕಾರಂತರ ಪುಸ್ತಕ ಓದಿದವರೆಲ್ಲ ಮತ ಹಾಕಬೇಕು ಅಂತ ಎಲ್ಲಿದೆ? ಕರೆಂಟು ಬೇಕು, ಜಿಲ್ಲೆಯಲ್ಲೇ ಕೆಲಸ ಬೇಕು ಅನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಊರು ಬಿಟ್ಟು ಮುಂಬೈ ಬಸ್ಸು ಹತ್ತುವ ಕಷ್ಟ ಏನೆಂದು ಇಲ್ಲಿನ ಮನೆಮನೆಗೂ ಗೊತ್ತು. ಆದರೂ ಅವರು ಎತ್ತಿದ ಪ್ರಶ್ನೆ ಚುನಾವಣೆಯ ಜೊತೆಗೇ ಮುಗಿದುಹೋಗಲಿಲ್ಲ. ಯಾಕೆಂದರೆ 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಹಂತದಲ್ಲೇ, ಕೈಗಾದ ಒಂದು ಘಟಕದ ಕಾಂಕ್ರೀಟ್ ಗುಮ್ಮಟದ ಭಾಗ ಕಳಚಿ ಬಿತ್ತು. ಒಳಗೆ ಅಣು ಇಂಧನ ಇರಲಿಲ್ಲ, ಪುಣ್ಯ.

ಕಾರಂತರು ಮಾತ್ರ ಸೋತೆನೆಂದು ಸುಮ್ಮನೆ ಕೂತವರಲ್ಲ. 90 ದಾಟಿದ ಮೇಲೂ ಬರವಣಿಗೆ ನಿಲ್ಲಲಿಲ್ಲ. ಬದುಕಿನ ಕೊನೆಯ ದಿನಗಳಲ್ಲಿ ಕೈಗೆತ್ತಿಕೊಂಡದ್ದು ಹಕ್ಕಿಗಳ ಮೇಲಿನ ಪುಸ್ತಕ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡಾಗ ಅವರಿಗೆ 95. ಕೈಗಾದಲ್ಲಿ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಶುರುವಾದದ್ದು 2000ದಲ್ಲಿ. ಈಗ ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ.