ಯೋಜನೆಯಿಂದ ರಾಯಭಾರಕ್ಕೆ: ಗಗನವಿಹಾರಿ ಮೆಹತಾ

ದೇಶಕ್ಕಾಗಿ ಪರರ ಮುಂದೆ ಕೈಯೊಡ್ಡುವುದು ಸುಲಭವಲ್ಲ. ಕೈಯೊಡ್ಡಿಯೂ ತಲೆಬಾಗದೆ ನಿಲ್ಲುವುದು ಇನ್ನೂ ಕಠಿಣ. ಸ್ವತಂತ್ರ ಭಾರತದ ಮೊದಲ ದಶಕದಲ್ಲಿ ಇಂಥ ಕಾರ್ಯವನ್ನು ನಿರ್ವಹಿಸಿದವರಲ್ಲಿ ಶ್ರೀ ಗಗನವಿಹಾರಿ ಲಲ್ಲೂಭಾಯಿ ಮೆಹತಾ ಅವರು ಪ್ರಮುಖರು.

ಅವರು ಜನಿಸಿದ್ದು 1900ರಲ್ಲಿ. ತಂದೆ ಸರ್ ಲಲ್ಲೂಭಾಯಿ ಸಾಮಳದಾಸರು ಹೆಸರಾಂತ ಉದ್ಯಮಿಗಳು. ಸಹೋದರ ವೈಕುಂಠಭಾಯಿಯವರು ಸಹಕಾರ ಚಳವಳಿಯ ಧುರೀಣರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೂ ಲಂಡನ್ನಿನ ಅರ್ಥಶಾಸ್ತ್ರ ಶಾಲೆಯಲ್ಲಿಯೂ ವ್ಯಾಸಂಗ ಮಾಡಿ, ಕೆಲಕಾಲ 'ಬಾಂಬೆ ಕ್ರಾನಿಕಲ್' ಪತ್ರಿಕೆಯಲ್ಲಿ ದುಡಿದು, ಬಳಿಕ ಸಿಂಧಿಯಾ ಹಡಗು ಕಂಪನಿಯನ್ನು ಸೇರಿದರು. ಬ್ರಿಟಿಷ್ ಹಡಗು ಕಂಪನಿಗಳ ಪ್ರಾಬಲ್ಯದೆದುರು ಸ್ವದೇಶಿ ನೌಕೋದ್ಯಮ ಸೆಣಸುತ್ತಿದ್ದ ಕಾಲವದು. 1942-43ರಲ್ಲಿ ಭಾರತೀಯ ವಾಣಿಜ್ಯ ಮಂಡಲಿಗಳ ಒಕ್ಕೂಟದ ಅಧ್ಯಕ್ಷತೆ ಅವರಿಗೆ ಲಭಿಸಿತು.

ಸ್ವಾತಂತ್ರ್ಯಾನಂತರ ಅವರು ಸುಂಕ ಮಂಡಲಿಯ ಅಧ್ಯಕ್ಷರಾದರು. ಯಾವ ಕೈಗಾರಿಕೆಗೆ ರಕ್ಷಣೆ ಅಗತ್ಯ, ಅದರಿಂದ ಕೊಳ್ಳುವವನ ಮೇಲೆ ಬೀಳುವ ಹೊರೆಯೆಷ್ಟು ಎಂಬುದನ್ನು ತೂಗಿನೋಡುವ ಹೊಣೆ ಅದು. 1950ರಲ್ಲಿ ಪ್ರಧಾನಿ ನೆಹರೂ ಅವರ ಅಧ್ಯಕ್ಷತೆಯಲ್ಲಿ ಯೋಜನಾ ಆಯೋಗ ರಚಿತವಾದಾಗ ಅದರ ಮೊದಲ ಸದಸ್ಯರಲ್ಲಿ ಮೆಹತಾ ಅವರೂ ಒಬ್ಬರು. ಅನ್ನಕ್ಕೇ ಕೊರತೆಯಿದ್ದ ದಿನಗಳವು. ಆದುದರಿಂದಲೇ ಪ್ರಥಮ ಪಂಚವಾರ್ಷಿಕ ಯೋಜನೆಯು ಕೃಷಿಗೂ ನೀರಾವರಿಗೂ ಪ್ರಾಧಾನ್ಯವಿತ್ತಿತು. ಭಾಕ್ರಾ, ದಾಮೋದರ, ಹಿರಾಕುಡ್‌ಗಳೊಡನೆ ನಮ್ಮ ತುಂಗಭದ್ರೆಯೂ ಅದರಲ್ಲಿ ಸೇರಿತ್ತು. 2,069 ಕೋಟಿ ರೂಪಾಯಿಗಳ ಆ ಯೋಜನೆ 1952ರ ಡಿಸೆಂಬರಿನಲ್ಲಿ ಅಂತಿಮ ರೂಪ ಪಡೆಯುವಷ್ಟರಲ್ಲಿ ಅವರು ರಾಯಭಾರಿಯಾಗಿ ವಾಷಿಂಗ್ಟನ್ನಿಗೆ ತೆರಳಿದ್ದರು.

ಅಲ್ಲಿಯ ಆರು ವರ್ಷಗಳು ಹೂವಿನ ಹಾಸಿಗೆಯಾಗಿರಲಿಲ್ಲ. 1954ರಲ್ಲಿ ಅಮೇರಿಕವು ಪಾಕಿಸ್ತಾನಕ್ಕೆ ಶಸ್ತ್ರಾಸ್ತ್ರ ನೀಡಲು ಒಪ್ಪಿದಾಗ ಭಾರತದ ಅಸಮಾಧಾನವನ್ನು ತಿಳಿಸಬೇಕಾಗಿತ್ತು. ಅದೇ ರಾಷ್ಟ್ರದಿಂದ ನೆರವನ್ನೂ ಪಡೆಯಬೇಕಾಗಿತ್ತು. 1956ರ ಆಗಸ್ಟಿನಲ್ಲಿ, ರೂಪಾಯಿಗಳಲ್ಲಿಯೇ ಬೆಲೆ ತೆತ್ತು ಅಮೇರಿಕದ ಧಾನ್ಯ ಪಡೆಯುವ ಮೊದಲ ಒಪ್ಪಂದವಾಯಿತು. ಎರಡನೆಯ ಯೋಜನೆಗೆ ವಿದೇಶಿ ವಿನಿಮಯದ ಅಭಾವ ತಲೆದೋರಿದಾಗ, 1958ರ ಆರಂಭದಲ್ಲಿ ಅಮೇರಿಕದಿಂದ ಸಾಲವೂ ದೊರೆಯಿತು. ಯೋಜನೆಯ ಒಳಹೊರಗನ್ನು ಬಲ್ಲವರೇ ರಾಯಭಾರಿಯಾಗಿದ್ದುದು ದೇಶದ ಭಾಗ್ಯ.

ಅವರ ಘನತೆ ಪರೀಕ್ಷೆಗೊಳಗಾದುದು 1955ರ ಆಗಸ್ಟಿನಲ್ಲಿ. ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ವಿಮಾನನಿಲ್ದಾಣದ ಭೋಜನಗೃಹದಲ್ಲಿ, ಮೈಬಣ್ಣದ ಕಾರಣದಿಂದ, ಅವರನ್ನು ಬಿಳಿಯರ ಪಂಕ್ತಿಯಿಂದ ಬೇರೆಡೆಗೆ ಹೋಗಿ ಕುಳಿತುಕೊಳ್ಳುವಂತೆ ಸೂಚಿಸಲಾಯಿತು. ವಾರ್ತೆ ಜಗತ್ತಿನಾದ್ಯಂತ ಹಬ್ಬಿತು; ವಿದೇಶಾಂಗ ಕಾರ್ಯದರ್ಶಿ ಡಲೆಸ್ ಅವರೇ ವಿಷಾದ ವ್ಯಕ್ತಪಡಿಸಿದರು. ಮೆಹತಾ ಅವರು ಅದನ್ನು ಸ್ವೀಕರಿಸಿ, ತಮಗಾದ ಅವಮಾನವನ್ನು ದೊಡ್ಡದು ಮಾಡದೆ ಕಾರ್ಯಮಗ್ನರಾದರು. ರಾಯಭಾರಿಗೆ ಕ್ಷಮಾಯಾಚನೆ ದೊರೆಯಿತು. ಅದೇ ಪಂಕ್ತಿಭೇದವನ್ನು ದಿನವೂ ಸಹಿಸುತ್ತಿದ್ದ ಆ ನಾಡಿನ ಕಪ್ಪುವರ್ಣದ ಪ್ರಜೆಗಳಿಗೆ ದೊರೆಯಲಿಲ್ಲ. ಪಂಕ್ತಿಭೇದವಿಲ್ಲದ ದಾಸೋಹದ ಬೆಲೆಯನ್ನು ಅರಿತವರಿಗೆ ಈ ಪ್ರಸಂಗದ ನೋವು ಬೇಗನೆ ಅರ್ಥವಾದೀತು.

1958ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ಮರುವರ್ಷ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಕೈಗಾರಿಕೆಗಳಿಗೆ ದೀರ್ಘಾವಧಿ ಸಾಲ ನೀಡುತ್ತಿದ್ದ ಐಸಿಐಸಿಐ ಸಂಸ್ಥೆಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಅಂಕಿಸಂಖ್ಯೆಗಳ ನಡುವೆ ಬಾಳಿದ ಈ ವ್ಯಕ್ತಿ ಗುಜರಾತಿಯಲ್ಲಿ ಒಳ್ಳೆಯ ಹಾಸ್ಯಪ್ರಬಂಧಗಳನ್ನು ಬರೆದರೆಂಬುದು ಗಮನಾರ್ಹ. 1974ರಲ್ಲಿ ಅವರು ದಿವಂಗತರಾದರು.

ಹಡಗು ಕಂಪನಿಯಿರಲಿ, ಯೋಜನಾ ಆಯೋಗವಿರಲಿ, ರಾಯಭಾರ ಕಛೇರಿಯಿರಲಿ, ಕೈಗೆ ಬಂದ ಕೆಲಸವನ್ನು ಕಾಯಕವೆಂದೇ ಬಗೆದು, ನಾಡಿನ ಬಡತನವನ್ನು ಮರೆಮಾಚದೆ, ಅದರ ಮಾನವನ್ನೂ ಬಿಟ್ಟುಕೊಡದೆ ನಡೆದುದೇ ಅವರ ಬಾಳಿನ ಹಿರಿಮೆ.